ಸಿಟೈಪ್ಸ್: ಲ್ಯಾಪ್‌ಟಾಪಿನಲ್ಲಿ ಓಡುತ್ತೆ, ಸರ್ವರಿನಲ್ಲಿ ಸೆಗ್‌ಫಾಲ್ಟ್. ಯಾಕೆ?

ಪಾಯಿಂಟರ್_ಪುಟ್ಟ

ಎಲ್ಲರಿಗೂ ನಮಸ್ಕಾರ. ಸಿ ಭಾಷೆಯಲ್ಲಿ ಬರೆದ ಹಳೆಯ ಲೈಬ್ರರಿ ಒಂದಿದೆ. ಸೆನ್ಸರ್‌ಗಳು ಬರೆದಿಟ್ಟ ಬೈನರಿ ಲಾಗ್ ಫೈಲ್ ಓದುವುದು ಅದರ ಕೆಲಸ. ಅದನ್ನು ಪೈಥಾನ್‌ನಿಂದ ಕರೆಯಬೇಕು. ಬೇಕಾಗಿರುವುದು ಮೂರೇ ಫಂಕ್ಷನ್: ಲಾಗ್_ತೆರೆ, ಲಾಗ್_ಓದು, ಲಾಗ್_ಮುಚ್ಚು (ಹೆಸರುಗಳನ್ನು ಬದಲಿಸಿದ್ದೇನೆ). ಮೊದಲನೆಯದು ಒಂದು ಪಾಯಿಂಟರ್ (ಮೆಮೊರಿಯ ವಿಳಾಸ) ಕೊಡುತ್ತದೆ. ಉಳಿದ ಎರಡೂ ಅದನ್ನೇ ತೆಗೆದುಕೊಳ್ಳುತ್ತವೆ.

ಪೈಥಾನ್‌ನಿಂದ ಸಿ ಲೈಬ್ರರಿ ಕರೆಯಲು ಇರುವ ಸಿಟೈಪ್ಸ್ ಮಾಡ್ಯೂಲಿನ ಸಿಡಿಎಲ್‌ಎಲ್ ಬಳಸಿ ಲೋಡ್ ಮಾಡಿದೆ, ಫಂಕ್ಷನ್ ಕರೆದೆ, ಓಡಿತು. ಅದೇ ಸ್ಕ್ರಿಪ್ಟ್, ಅದೇ ಲೈಬ್ರರಿ ಸರ್ವರಿಗೆ ಹಾಕಿದರೆ ಲಾಗ್_ಓದು ಹತ್ತಿರ ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ್ದಕ್ಕೆ ಬೀಳುವುದು). ಪೈಥಾನ್ ಎರರ್ ಏನೂ ಇಲ್ಲ, ಪ್ರೋಗ್ರಾಮ್ ಸೀದಾ ಸತ್ತು ಹೋಗುತ್ತೆ. ಲಾಗ್_ತೆರೆ ಏನು ಕೊಡ್ತಿದೆ ಅಂತ ಪ್ರಿಂಟ್ ಮಾಡಿ ನೋಡಿದೆ. ಲ್ಯಾಪ್‌ಟಾಪಿನಲ್ಲಿ 27440064. ಸರ್ವರಿನಲ್ಲಿ -1859959456. ಎರಡೂ 64 ಬಿಟ್ ಲಿನಕ್ಸ್. ಪಾಯಿಂಟರ್ ಹೇಗೆ ಮೈನಸ್ ಆಗುತ್ತೆ?

ರಾತ್ರಿಪಾಳಿ

ರೆಸ್‌ಟೈಪ್ (ಫಂಕ್ಷನ್ ವಾಪಸ್ ಕೊಡುವುದು ಯಾವ ವಿಧ ಅನ್ನುವುದು) ಕೊಟ್ಟಿದ್ದೀರಾ?

ಪಾಯಿಂಟರ್_ಪುಟ್ಟ

ಇಲ್ಲ. ಕೊಡಲೇಬೇಕಾ? ಲ್ಯಾಪ್‌ಟಾಪಿನಲ್ಲಿ ಕೊಡದೇ ಓಡ್ತಿದೆಯಲ್ಲ.

ಹಳೇ_ಕಂಪೈಲರ್

ಮೈನಸ್ ಸಂಖ್ಯೆ ನೋಡಿದ ಕೂಡಲೇ ಗೊತ್ತಾಗುವ ಕಾಯಿಲೆ ಇದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿ ಕೋಡ್ ಕಂಪೈಲ್ ಆಗಿ .ಎಸ್‌ಒ ಫೈಲ್ ಆದಾಗ ಅದರಲ್ಲಿ ಉಳಿಯುವುದು ಯಂತ್ರದ ಸೂಚನೆಗಳು ಮತ್ತು ಹೊರಗೆ ಕಾಣುವ ಹೆಸರುಗಳು. ಲಾಗ್_ತೆರೆ ಏನು ತೆಗೆದುಕೊಳ್ಳುತ್ತದೆ, ಏನು ಕೊಡುತ್ತದೆ ಅನ್ನುವುದು ಹೆಡರ್ ಫೈಲಿನಲ್ಲಿ ಮಾತ್ರ ಇರುತ್ತದೆ. ಸಿಟೈಪ್ಸ್ ಹೆಡರ್ ಓದುವುದಿಲ್ಲ. ಅದು ಡಿಎಲ್‌ಓಪನ್ ಕರೆದು ಫೈಲ್ ತೆರೆಯುತ್ತದೆ, ಡಿಎಲ್‌ಸಿಮ್‌ಗೆ ಹೆಸರು ಕೊಟ್ಟು ವಿಳಾಸ ಪಡೆಯುತ್ತದೆ, ಅಷ್ಟೇ. ಮನೆ ನಂಬರ್ ಸಿಕ್ಕಿತು, ಒಳಗೆ ಯಾರಿದ್ದಾರೆ ಅಂತ ಗೊತ್ತಿಲ್ಲ. ನೀವು ಏನೂ ಹೇಳದಿದ್ದರೆ, ವಾಪಸ್ ಬರುವುದು ಸಿ ಭಾಷೆಯ ಇಂಟ್ ಅಂತ ಅದು ತಾನೇ ಅಂದುಕೊಳ್ಳುತ್ತದೆ. ಇಂಟ್ ಅಂದರೆ 32 ಬಿಟ್. ನಿಮ್ಮ ಪಾಯಿಂಟರ್ 64 ಬಿಟ್. ಮೇಲಿನ ಅರ್ಧ ಕತ್ತರಿಸಿ ಹೋಯಿತು.

ಲೆಕ್ಕ ಹಾಕಿ ನೋಡಿ. 16ರ ಲೆಕ್ಕದಲ್ಲಿ ನಿಜವಾದ ವಿಳಾಸ 5566 9123 4560 ಇತ್ತು ಅಂದುಕೊಳ್ಳಿ. ಕೆಳಗಿನ 32 ಬಿಟ್ ಅಂದರೆ 9123 4560. ಅದನ್ನು ಚಿಹ್ನೆ ಇರುವ ಇಂಟ್ ಅಂತ ಓದಿದರೆ ಬರುವುದು -1859959456. ನಿಮಗೆ ಬಂದಿದ್ದೂ ಅದೇ. ಮೇಲಿನ 5566 ನನ್ನ ಊಹೆ, ಕೆಳಗಿನದು ಮಾತ್ರ ಪಕ್ಕಾ.

ಲ್ಯಾಪ್‌ಟಾಪಿನಲ್ಲಿ ಓಡುವುದಕ್ಕೆ ಕಾರಣ ಪೈಥಾನ್ ಅನ್ನೇ ಹೇಗೆ ಕಟ್ಟಿದ್ದಾರೆ ಅನ್ನುವುದು ಇರಬೇಕು. ಪೈ ಅನ್ನುವ ಆಯ್ಕೆ ಹಾಕಿ ಕಟ್ಟಿದ ಪ್ರೋಗ್ರಾಮನ್ನು ಲಿನಕ್ಸ್ ಮೆಮೊರಿಯಲ್ಲಿ ತುಂಬಾ ಮೇಲೆ ಕೂರಿಸುತ್ತದೆ. ಹೀಪ್ (ಓಡುವಾಗ ಕೇಳಿ ಪಡೆಯುವ ಮೆಮೊರಿ) ಅದರ ಹತ್ತಿರವೇ ಬರುತ್ತದೆ, ಹಾಗಾಗಿ ವಿಳಾಸಗಳು ದೊಡ್ಡವು. ಆ ಆಯ್ಕೆ ಇಲ್ಲದೆ ಕಟ್ಟಿದರೆ ಪ್ರೋಗ್ರಾಮ್ ಕೆಳಗೆ ಕೂರುತ್ತದೆ, ಹೀಪೂ ಕೆಳಗೆ. 27440064 ಅನ್ನುವ ವಿಳಾಸ 32 ಬಿಟ್‌ನಲ್ಲಿ ಆರಾಮಾಗಿ ಹಿಡಿಸುತ್ತದೆ, ಕತ್ತರಿಸಿದರೂ ಹೋಗುವುದು ಸೊನ್ನೆಗಳೇ. ಅದು ಅದೃಷ್ಟ. ಅಲ್ಲೇ ಯಾರಾದರೂ ದೊಡ್ಡ ಮೆಮೊರಿ ತುಂಡು ಕೇಳಿದರೆ ಅದು ಹೀಪ್ ಬಿಟ್ಟು ಬೇರೆ ಕಡೆಯಿಂದ ಬರುತ್ತದೆ, ಆಗ ಲ್ಯಾಪ್‌ಟಾಪೂ ಬೀಳುತ್ತದೆ.

ರೆಸ್‌ಟೈಪ್‌ಗೆ ಸಿ_ವಾಯ್ಡ್_ಪಿ (ಸಾದಾ ಪಾಯಿಂಟರ್ ವಿಧ) ಕೊಡಿ.

ಪಾಯಿಂಟರ್_ಪುಟ್ಟ

ಕೊಟ್ಟೆ. ಈಗ ಸರ್ವರಿನಲ್ಲಿ 14 ಅಂಕಿಯ ಪ್ಲಸ್ ಸಂಖ್ಯೆ ಬರ್ತಿದೆ. ಆದರೂ ಲಾಗ್_ಓದು ಹತ್ತಿರ ಅದೇ ಸೆಗ್‌ಫಾಲ್ಟ್!

ರಾತ್ರಿಪಾಳಿ

ಹಾಗೇ ಆಗಬೇಕು. ಅರ್ಧ ದಾರಿ ಬಂದಿದ್ದೀರಿ.

ರೆಸ್‌ಟೈಪ್ ಸಿ_ವಾಯ್ಡ್_ಪಿ ಅಂತ ಕೊಟ್ಟರೆ ಸಿಟೈಪ್ಸ್ ನಿಮ್ಮ ಕೈಗೆ ಕೊಡುವುದು ಪಾಯಿಂಟರ್ ವಸ್ತುವನ್ನಲ್ಲ, ಸಾದಾ ಪೈಥಾನ್ ಪೂರ್ಣಾಂಕವನ್ನು. ಅದನ್ನೇ ಲಾಗ್_ಓದುಗೆ ಕೊಡುತ್ತೀರಿ. ಅಲ್ಲಿ ಆರ್ಗ್‌ಟೈಪ್ಸ್ (ಫಂಕ್ಷನ್ ತೆಗೆದುಕೊಳ್ಳುವ ಆರ್ಗ್ಯುಮೆಂಟ್‌ಗಳ ವಿಧ) ಇಲ್ಲ. ಪೈಥಾನ್ ಪೂರ್ಣಾಂಕ ಬಂದರೆ ಸಿಟೈಪ್ಸ್ ಅದನ್ನು ಮತ್ತೆ ಸಿ ಇಂಟ್ ಮಾಡಿ ಕಳಿಸುತ್ತದೆ. ದೊಡ್ಡದಾಯಿತು ಅಂತ ದೂರುವುದೂ ಇಲ್ಲ, ಸುಮ್ನೆ ಕತ್ತರಿಸುತ್ತದೆ. ಬರುವಾಗ ಉಳಿಸಿಕೊಂಡ ಮೇಲಿನ ಅರ್ಧ ಹೋಗುವಾಗ ಕಳೆದುಹೋಯಿತು.

ಮೂರೂ ಫಂಕ್ಷನ್‌ಗೆ ಆರ್ಗ್‌ಟೈಪ್ಸ್ ಹಾಕಿ. ಇನ್ನೂ ಒಳ್ಳೆಯದು ಅಂದರೆ ಸಿ_ವಾಯ್ಡ್_ಪಿ ಇಂದ ಒಂದು ಉಪವರ್ಗ ಮಾಡಿ, ಲಾಗ್‌ಹಿಡಿ ಅಂತ ಹೆಸರಿಡಿ, ಒಳಗೆ ಏನೂ ಬೇಡ. ಅದನ್ನೇ ರೆಸ್‌ಟೈಪ್ ಆಗಿ, ಅದನ್ನೇ ಆರ್ಗ್‌ಟೈಪ್ ಆಗಿ ಕೊಡಿ. ಉಪವರ್ಗ ಆದರೆ ಸಿಟೈಪ್ಸ್ ಅದನ್ನು ಪೂರ್ಣಾಂಕ ಮಾಡುವುದಿಲ್ಲ, ವಸ್ತುವಾಗಿಯೇ ಇಡುತ್ತದೆ. ಯಾರಾದರೂ ತಪ್ಪಿ ಇಂಥದ್ದೇ ಇನ್ನೊಂದು ಉಪವರ್ಗದ ವಸ್ತುವನ್ನು ಕೊಟ್ಟರೆ ಕರೆಗೆ ಮೊದಲೇ ಪೈಥಾನ್ ಎರರ್ ಬರುತ್ತೆ. ಫೈಲ್ ತೆರೆಯದೆ ನಲ್ (ಖಾಲಿ ಪಾಯಿಂಟರ್) ಬಂದಿದೆಯಾ ಅಂತ ನೋಡುವುದೂ ಸುಲಭ: ನಲ್ ಆದರೆ ಆ ವಸ್ತು ಸುಳ್ಳು ಅಂತ ಲೆಕ್ಕ.

ಪಾಯಿಂಟರ್_ಪುಟ್ಟ

ಓಡಿತು! ಎರಡೂ ಕಡೆ. ತುಂಬಾ ಥ್ಯಾಂಕ್ಸ್. ಇನ್ನೊಂದು ಅನುಮಾನ. ಇಂಟ್ ಕೊಡುವ ಫಂಕ್ಷನ್ ಆದರೆ ಏನೂ ಬರೆಯದಿದ್ದರೂ ನಡೆಯುತ್ತೆ ಅಲ್ವಾ?

ಹಳೇ_ಕಂಪೈಲರ್

ನಡೆಯುತ್ತೆ. ಆದರೂ ಬರೆಯಿರಿ. ಇವತ್ತು ಇಂಟ್ ಇದ್ದದ್ದು ಮುಂದಿನ ಆವೃತ್ತಿಯಲ್ಲಿ 64 ಬಿಟ್‌ನ ಸೈಜ್_ಟಿ ಆಗಬಹುದು.

ಸೆಗ್‌ಫಾಲ್ಟ್ ಆದರೆ ನಿಮ್ಮ ಪುಣ್ಯ ಅನ್ನಬೇಕು, ಗೊತ್ತಾದರೂ ಆಗುತ್ತದೆ. ಡಬಲ್ (ದಶಾಂಶ ಸಂಖ್ಯೆಯ ವಿಧ) ವಿಷಯ ಹಾಗಲ್ಲ. ಗಣಿತ ಲೈಬ್ರರಿಯ ವರ್ಗಮೂಲ ಫಂಕ್ಷನ್‌ಗೆ ಆರ್ಗ್‌ಟೈಪ್ಸ್ ಕೊಟ್ಟು, ರೆಸ್‌ಟೈಪ್ ಕೊಡದೆ ಕರೆದು ನೋಡಿ. ಎಕ್ಸ್86-64 ಪ್ರೊಸೆಸರಿನಲ್ಲಿ ಪೂರ್ಣಾಂಕದ ಉತ್ತರ ಬರುವುದು ಆರ್‌ಎಎಕ್ಸ್ ರಿಜಿಸ್ಟರ್‌ನಲ್ಲಿ. ಡಬಲ್ ಉತ್ತರ ಬರುವುದು ಎಕ್ಸ್‌ಎಂಎಂ0 ರಿಜಿಸ್ಟರ್‌ನಲ್ಲಿ. ಸಿಟೈಪ್ಸ್ ಮೊದಲನೆಯದನ್ನು ನೋಡುತ್ತದೆ. ಅಲ್ಲಿ ಹಿಂದಿನ ಕೆಲಸದಿಂದ ಉಳಿದ ಏನೋ ಒಂದು ಸಂಖ್ಯೆ ಇರುತ್ತದೆ. ಪ್ರೋಗ್ರಾಮ್ ಬೀಳಲ್ಲ. ತಪ್ಪು ಉತ್ತರದ ಜೊತೆ ನಗುನಗುತ್ತಾ ಮುಂದೆ ಹೋಗುತ್ತೆ.

ಎಡಬಿಡಂಗಿ

ನಾನು ಸುಮ್ನೆ ಓದ್ತಾ ಇದ್ದೆ. ಇಷ್ಟೆಲ್ಲ ಕೈಯಲ್ಲಿ ಬರೆಯೋದಾದ್ರೆ ಇದಕ್ಕಿಂತ ಇದೇ ಕೆಲಸ ಮಾಡೋ ಸಿಎಫ್‌ಎಫ್‌ಐ ಲೈಬ್ರರಿ ವಾಸಿ ಅಲ್ವಾ?

ರಾತ್ರಿಪಾಳಿ

ನನ್ನ ಮತ ಅದಕ್ಕೇ. ಆದರೆ ಸಿಎಫ್‌ಎಫ್‌ಐನಲ್ಲಿ ಎರಡು ದಾರಿ ಇವೆ. ಎರಡನ್ನೂ ಒಂದೇ ಅಂತ ಹೇಳಿ ಶಿಫಾರಸು ಮಾಡುವವರೇ ಜಾಸ್ತಿ.

ಮೊದಲನೆಯದು ಎಬಿಐ ದಾರಿ. ಹೆಡರಿನ ಘೋಷಣೆಗಳನ್ನು ಹಾಗೇ ನಕಲು ಮಾಡಿ ಒಂದು ಸ್ಟ್ರಿಂಗ್ ಆಗಿ ಕೊಡುತ್ತೀರಿ. ಅದು ಅವನ್ನು ಓದಿಕೊಂಡು ಲೈಬ್ರರಿ ಕರೆಯುತ್ತದೆ. ಬರೆಯುವುದು ಸುಲಭ, ಸಿ ಭಾಷೆಯಲ್ಲೇ ಇರುತ್ತದೆ. ಆದರೆ ನೀವು ಕೊಟ್ಟ ಘೋಷಣೆ ನಿಜವಾದ ಲೈಬ್ರರಿಗೆ ಹೊಂದುತ್ತದಾ ಅಂತ ಯಾರೂ ನೋಡುವುದಿಲ್ಲ. ಹಳೇ ಹೆಡರ್, ಹೊಸ ಲೈಬ್ರರಿ ಆದರೆ ಸಿಟೈಪ್ಸ್‌ನಷ್ಟೇ ಚೆನ್ನಾಗಿ ಬೀಳುತ್ತದೆ.

ಎರಡನೆಯದು ಎಪಿಐ ದಾರಿ. ಇಲ್ಲಿ ಅದು ನಡುವೆ ಒಂದು ಸಿ ಫೈಲ್ ತಾನೇ ಬರೆದು, ನಿಜವಾದ ಹೆಡರ್ ಸೇರಿಸಿ, ನಿಜವಾದ ಕಂಪೈಲರ್ ಕೈಗೆ ಕೊಡುತ್ತದೆ. ಪಾಯಿಂಟರ್ ಕೊಡುವ ಫಂಕ್ಷನ್ನನ್ನು ನೀವು ಇಂಟ್ ಅಂದಿದ್ದರೆ ಕಂಪೈಲರ್ ಅಲ್ಲೇ ಗೊಣಗುತ್ತದೆ. ಡಬಲ್ ಕೊಡುವುದನ್ನು ಇಂಟ್ ಅಂದಿದ್ದರೆ ಸಿ ನಿಯಮದಂತೆ ದಶಾಂಶ ಕತ್ತರಿಸಿ ಕೊಡುತ್ತದೆ, ರಿಜಿಸ್ಟರಿನ ಕಸ ಅಲ್ಲ. ಸ್ಟ್ರಕ್ಟ್‌ನಲ್ಲಿ (ಹಲವು ಮೌಲ್ಯಗಳನ್ನು ಒಟ್ಟಿಗೆ ಇಡುವ ಸಿ ವಿಧ) ನಿಮಗೆ ಬೇಕಾದ ಎರಡು ಸದಸ್ಯರ ಹೆಸರು ಬರೆದು ಉಳಿದದ್ದಕ್ಕೆ ಮೂರು ಚುಕ್ಕಿ ಇಟ್ಟರೆ ಸಾಕು, ಯಾರು ಎಲ್ಲಿ ಕೂರುತ್ತಾರೆ ಅಂತ ಕಂಪೈಲರನ್ನೇ ಕೇಳಿ ತುಂಬಿಕೊಳ್ಳುತ್ತದೆ. ನನಗೆ ಸಿಎಫ್‌ಎಫ್‌ಐ ಅಂದರೆ ಈ ದಾರಿ ಮಾತ್ರ.

ಹಳೇ_ಕಂಪೈಲರ್

ಒಪ್ಪಿದೆ. ಆದರೆ ಅದಕ್ಕೆ ಕಟ್ಟುವ ಜಾಗದಲ್ಲಿ ಸಿ ಕಂಪೈಲರ್ ಬೇಕು, ಪ್ರತಿ ಪ್ಲಾಟ್‌ಫಾರ್ಮಿಗೂ ಬೇರೆ ಬೇರೆ ವೀಲ್ (ಪೈಥಾನ್ ಇನ್‌ಸ್ಟಾಲ್ ಪ್ಯಾಕೇಜ್) ಕಟ್ಟಬೇಕು. ಸಿಟೈಪ್ಸ್ 2006ರಲ್ಲಿ ಪೈಥಾನ್ 2.5 ಜೊತೆ ಒಳಗೇ ಬಂದುಬಿಟ್ಟಿತು. ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಪುಟ್ಟ ಅವರಿಗೆ ಬೇಕಿರುವುದು ಮೂರು ಫಂಕ್ಷನ್. ಮೂರು ಫಂಕ್ಷನ್‌ಗೆ ಬಿಲ್ಡ್ ವ್ಯವಸ್ಥೆ ನಿಲ್ಲಿಸು ಅಂದರೆ ನಾನಂತೂ ಒಪ್ಪಲ್ಲ. ಮೂವತ್ತು ಫಂಕ್ಷನ್, ಹತ್ತು ಸ್ಟ್ರಕ್ಟ್ ಆದಾಗ ಮಾತಾಡೋಣ.

ಸೊನ್ನೆ_ಒಂದು

ಪೈಥಾನ್‌ನವರು ಈ ಜಗಳ ತಮ್ಮದೊಂದೇ ಅಂದುಕೊಂಡಿರುತ್ತಾರೆ. ಸಿ ಘೋಷಣೆಯನ್ನೇ ಸ್ಟ್ರಿಂಗ್ ಆಗಿ ಕೊಡುವ ರೀತಿ ಸಿಎಫ್‌ಎಫ್‌ಐಗೆ ಬಂದಿದ್ದು ಲುವಾ ಭಾಷೆಯ ಲುವಾಜಿಟ್‌ನಿಂದ. ಮೈಕ್ ಪಾಲ್ ಅವರ ಕೆಲಸ. ಅಲ್ಲಿ ಓಡುವಾಗಲೇ ಕಂಪೈಲ್ ಮಾಡುವ ಜಿಟ್ ಕಂಪೈಲರೇ ಫಂಕ್ಷನ್ ಕರೆಯನ್ನು ನೇರ ಯಂತ್ರದ ಕೋಡ್ ಮಾಡಿಬಿಡುತ್ತದೆ, ನಡುವೆ ಯಾರೂ ಇಲ್ಲ. ಪಿಎಚ್‌ಪಿಗೂ 2019ರಲ್ಲಿ 7.4 ಆವೃತ್ತಿಯ ಜೊತೆ ಇಂಥದ್ದೇ ಬಂತು. ಜಾವಾದವರದ್ದು 2024ರಲ್ಲಿ 22ನೇ ಆವೃತ್ತಿಯಲ್ಲಿ ಪೂರ್ತಿಯಾಯಿತು.

ಸಿಟೈಪ್ಸ್, ರೂಬಿ, ಪಿಎಚ್‌ಪಿ ಇವೆಲ್ಲದರ ಅಡಿಯಲ್ಲಿ ಕೂತಿರುವುದು ಲಿಬ್‌ಎಫ್‌ಎಫ್‌ಐ ಅನ್ನುವ ಸಣ್ಣ ಲೈಬ್ರರಿ. ಆಂಥನಿ ಗ್ರೀನ್ 1996ರಲ್ಲಿ ಶುರು ಮಾಡಿದ್ದು. ಯಾವ ಮೌಲ್ಯ ಯಾವ ರಿಜಿಸ್ಟರಿಗೆ, ಯಾವುದು ಸ್ಟ್ಯಾಕಿಗೆ ಅಂತ ಓಡುವ ಹೊತ್ತಿನಲ್ಲಿ ಜೋಡಿಸಿ ಫಂಕ್ಷನ್ ಕರೆಯುವುದೇ ಅದರ ಕೆಲಸ. ಲಿನಕ್ಸ್‌ನ ಎಕ್ಸ್86-64ರಲ್ಲಿ ಮೊದಲ 6 ಪೂರ್ಣಾಂಕಗಳು ರಿಜಿಸ್ಟರಿನಲ್ಲಿ ಹೋಗುತ್ತವೆ, ವಿಂಡೋಸ್‌ನಲ್ಲಿ ಮೊದಲ 4 ಮಾತ್ರ. ಈ ತಲೆನೋವೆಲ್ಲ ಅದಕ್ಕೆ ಬಿಟ್ಟಿದ್ದು. ಆದರೆ ವಿಧ ಯಾವುದು ಅಂತ ಮೇಲಿನವರು ಸುಳ್ಳು ಹೇಳಿದರೆ ಅದೂ ಸುಳ್ಳನ್ನೇ ಶ್ರದ್ಧೆಯಿಂದ ಜೋಡಿಸುತ್ತದೆ.

ಪಾಯಿಂಟರ್_ಪುಟ್ಟ

ಹೊಸ ಸಮಸ್ಯೆ. ಲೈಬ್ರರಿಯಲ್ಲಿ ಲಾಗ್_ವಿವರ ಅಂತ ಇನ್ನೊಂದು ಫಂಕ್ಷನ್ ಇದೆ. ಸ್ಟ್ರಿಂಗ್ ಕೊಡುತ್ತದೆ. "ಕರೆದವರೇ ಲಾಗ್_ಬಿಡು ಇಂದ ಬಿಡುಗಡೆ ಮಾಡಬೇಕು" ಅಂತ ಹೆಡರಿನಲ್ಲಿ ಬರೆದಿದೆ. ರೆಸ್‌ಟೈಪ್ ಸಿ_ಚಾರ್_ಪಿ ಕೊಟ್ಟೆ, ಸ್ಟ್ರಿಂಗ್ ಸರಿಯಾಗಿ ಬಂತು. ಅದನ್ನೇ ಲಾಗ್_ಬಿಡುಗೆ ಕೊಟ್ಟರೆ ಪ್ರೋಗ್ರಾಮ್ ಬೀಳುತ್ತೆ. ಕೊಡದಿದ್ದರೆ ಮೆಮೊರಿ ಏರ್ತಾನೇ ಹೋಗುತ್ತೆ.

ಕಸ_ಗುಡಿಸುವವ

ಸಿ_ಚಾರ್_ಪಿ ಅಂದರೆ ಸಿಟೈಪ್ಸ್ ಆ ಅಕ್ಷರಗಳನ್ನು ಪೈಥಾನ್ ಬೈಟ್ಸ್ ಆಗಿ ನಕಲು ಮಾಡಿಕೊಂಡು ಮೂಲ ವಿಳಾಸವನ್ನು ಬಿಸಾಡುತ್ತದೆ. ನೀವು ಲಾಗ್_ಬಿಡುಗೆ ಕೊಡುತ್ತಿರುವುದು ಪೈಥಾನ್‌ನ ನಕಲಿನ ವಿಳಾಸ. ಅದು ಲೈಬ್ರರಿ ಕೊಟ್ಟದ್ದಲ್ಲ, ಅದನ್ನು ಬಿಡುವ ಹಕ್ಕೂ ಅದಕ್ಕಿಲ್ಲ. ಬೀಳದೆ ಇನ್ನೇನು?

ರೆಸ್‌ಟೈಪ್ ಸಿ_ವಾಯ್ಡ್_ಪಿ ಮಾಡಿ. ಸ್ಟ್ರಿಂಗ್_ಆಟ್ ಬಳಸಿ ಅಕ್ಷರ ಓದಿಕೊಳ್ಳಿ. ಆಮೇಲೆ ಮೂಲ ವಿಳಾಸವನ್ನು ಲಾಗ್_ಬಿಡುಗೆ ಕೊಡಿ, ಅಲ್ಲೂ ಆರ್ಗ್‌ಟೈಪ್ಸ್ ಮರೀಬೇಡಿ. ಇದನ್ನೆಲ್ಲ ಟ್ರೈ-ಫೈನಲಿ ಒಳಗೆ ಹಾಕಿ ಒಂದು ಪೈಥಾನ್ ಫಂಕ್ಷನ್ ಮಾಡಿಬಿಡಿ, ಹೊರಗಿನವರಿಗೆ ಪಾಯಿಂಟರ್ ಕಾಣಲೇಬಾರದು.

ಲೈಬ್ರರಿ ತನ್ನದೇ ಬಿಡುಗಡೆ ಫಂಕ್ಷನ್ ಕೊಟ್ಟಿದೆ, ಒಳ್ಳೆಯವರು ಬರೆದಿದ್ದಾರೆ. ಕೆಲವರು "ಫ್ರೀ ಕರೀರಿ" ಅಂದುಬಿಡುತ್ತಾರೆ. ವಿಂಡೋಸ್‌ನಲ್ಲಿ ಒಂದೊಂದು ಡಿಎಲ್‌ಎಲ್ ಬೇರೆ ಬೇರೆ ಸಿ ರನ್‌ಟೈಮ್ ಇಟ್ಟುಕೊಂಡಿರಬಹುದು. ಒಂದರ ಮ್ಯಾಲಕ್ ಕೊಟ್ಟದ್ದನ್ನು ಇನ್ನೊಂದರ ಫ್ರೀಗೆ ಕೊಟ್ಟರೆ ಹೀಪ್ ಕೆಡುತ್ತದೆ. ಬೀಳುವುದು ಅಲ್ಲೇ ಅಲ್ಲ, ಎಲ್ಲೋ ಮುಂದೆ, ಸಂಬಂಧವೇ ಇಲ್ಲದ ಸಾಲಿನಲ್ಲಿ.

ಎಡಬಿಡಂಗಿ

ಕಾಲ್‌ಬ್ಯಾಕ್ ಬಗ್ಗೆಯೂ ಹೇಳಿ ಗುರುಗಳೇ. ಪ್ರಗತಿ ತೋರಿಸೋಕೆ ಪೈಥಾನ್ ಫಂಕ್ಷನ್ ಒಂದನ್ನು ಸಿ ಕಡೆಗೆ ಕೊಟ್ಟಿದ್ದೀನಿ. ಸಣ್ಣ ಫೈಲಿಗೆ ಸರಿ ಇರುತ್ತೆ, ದೊಡ್ಡ ಫೈಲಿಗೆ ಮಧ್ಯದಲ್ಲಿ ಬೀಳುತ್ತೆ.

ಕಸ_ಗುಡಿಸುವವ

ಕಾಲ್‌ಬ್ಯಾಕನ್ನು ಒಂದು ಫಂಕ್ಷನ್ ಕರೆದು ಸೇರಿಸಿ, ಕೆಲಸವನ್ನು ಇನ್ನೊಂದು ಫಂಕ್ಷನ್ ಕರೆದು ಶುರು ಮಾಡ್ತಿದ್ದೀರಿ ಅಲ್ವಾ? ಸೇರಿಸುವ ಸಾಲಿನಲ್ಲೇ ಆ ಪೈಥಾನ್ ಫಂಕ್ಷನ್ನನ್ನು ಸುತ್ತುವ ಹೊದಿಕೆ ವಸ್ತು ಹುಟ್ಟಿಸಿ ಕೊಟ್ಟಿರುತ್ತೀರಿ. ಆ ಸಾಲು ಮುಗಿದ ತಕ್ಷಣ ಪೈಥಾನ್ ಕಡೆ ಅದನ್ನು ಯಾರೂ ಹಿಡಿದುಕೊಂಡಿಲ್ಲ. ಪೈಥಾನ್ ಅದನ್ನು ಗುಡಿಸಿ ಹಾಕುತ್ತದೆ. ಸಿ ಬಳಿ ಹಳೆಯ ವಿಳಾಸ ಉಳಿದಿದೆ, ಕರೆಯುತ್ತದೆ, ಅಲ್ಲಿ ಏನೂ ಇಲ್ಲ. ಸಣ್ಣ ಫೈಲಿನಲ್ಲಿ ಪ್ರಗತಿ ಕರೆಯೇ ಬರದೆ ಕೆಲಸ ಮುಗಿದಿರಬಹುದು, ಇಲ್ಲವೇ ಆ ಜಾಗದಲ್ಲಿ ಇನ್ನೂ ಬೇರೆಯವರು ಬಂದು ಕೂತಿರುವುದಿಲ್ಲ.

ಆ ವಸ್ತುವನ್ನು ನಿಮ್ಮ ಕ್ಲಾಸಿನ ಒಂದು ಸದಸ್ಯಕ್ಕೆ ಕಟ್ಟಿಡಿ. ಸಿ ಕಡೆಯವರು ಅದನ್ನು ಬಿಡುವ ತನಕ ನೀವೂ ಬಿಡಬೇಡಿ.

ಇನ್ನೊಂದು. ಆ ಪೈಥಾನ್ ಫಂಕ್ಷನ್ ಒಳಗೆ ಎಕ್ಸೆಪ್ಶನ್ ಎದ್ದರೆ ಅದು ಸಿ ದಾಟಿ ನಿಮ್ಮ ತನಕ ಬರುವುದಿಲ್ಲ. ಎರರ್ ಔಟ್‌ಪುಟ್‌ನಲ್ಲಿ ಅಚ್ಚಾಗುತ್ತದೆ, ಸಿ ಏನೂ ಆಗಿಲ್ಲ ಎಂಬಂತೆ ಮುಂದುವರಿಯುತ್ತದೆ. ಒಳಗೇ ಹಿಡಿದು ಎಲ್ಲಾದರೂ ಬರೆದಿಟ್ಟುಕೊಂಡು, ಕರೆ ಮುಗಿದ ಮೇಲೆ ನೀವೇ ಎಬ್ಬಿಸಬೇಕು.

ಎಡಬಿಡಂಗಿ

ಸಾಲು ಸಾಲಾಗಿ ಹೇಳಿಬಿಟ್ಟಿರಿ. ಸದಸ್ಯಕ್ಕೆ ಕಟ್ಟಿದೆ, ನಿಂತಿತು.

ಸೊನ್ನೆ_ಒಂದು

ಥ್ರೆಡ್ ಬಳಸುವವರು ಗಮನಿಸಿ. ಸಿಡಿಎಲ್‌ಎಲ್ ಮೂಲಕ ಕರೆದಾಗ, ಕರೆ ಮುಗಿಯುವವರೆಗೆ ಸಿಟೈಪ್ಸ್ ಗಿಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಓಡಿಸಲಿ ಅನ್ನುವ ಬೀಗ) ಬಿಟ್ಟಿರುತ್ತದೆ. ಭಾರದ ಕೆಲಸಕ್ಕೆ ಇದು ವರ. ಆದರೆ ಎರಡು ಥ್ರೆಡ್ ಒಂದೇ ಲಾಗ್‌ಹಿಡಿ ಹಿಡಿದು ಒಟ್ಟಿಗೆ ಓದಲು ಹೋದರೆ ಗಿಲ್ ಕಾಪಾಡುವುದಿಲ್ಲ, ಲೈಬ್ರರಿ ತಾನೇ ಅದಕ್ಕೆ ತಯಾರಿರಬೇಕು. ಪೈಡಿಎಲ್‌ಎಲ್ ಅಂತ ಇನ್ನೊಂದು ಇದೆ, ಅದು ಗಿಲ್ ಬಿಡುವುದಿಲ್ಲ. ಅದಿರುವುದು ಪೈಥಾನ್‌ನ ಸ್ವಂತ ಸಿ ಎಪಿಐ ಕರೆಯಲು. ಥ್ರೆಡ್ ಜಗಳ ಬಿಡಿಸಲು ಅದನ್ನು ತರಬೇಡಿ, ಒಂದು ಲಾಕ್ ಹಾಕಿ.

ಪಾಯಿಂಟರ್_ಪುಟ್ಟ

ವೇಗದ ಬಗ್ಗೆ ಕೇಳಬೇಕಿತ್ತು. ಒಂದೊಂದೇ ದಾಖಲೆ ಓದಿದರೆ ಸಿ ಕರೆದೂ ನಿಧಾನ ಅನ್ನಿಸ್ತಿದೆ. ಸಿ ಅಂದರೆ ವೇಗ ಅಲ್ವಾ?

ಹಳೇ_ಕಂಪೈಲರ್

ಒಳಗೆ ಹೋದ ಮೇಲೆ ವೇಗ. ಬಾಗಿಲಿನಲ್ಲಿ ಖರ್ಚಿದೆ. ಪ್ರತಿ ಕರೆಗೂ ಸಿಟೈಪ್ಸ್ ನಿಮ್ಮ ಪೈಥಾನ್ ವಸ್ತುಗಳನ್ನು ನೋಡಬೇಕು, ವಿಧ ತಾಳೆ ಹಾಕಬೇಕು, ಬದಲಿಸಬೇಕು, ಉತ್ತರವನ್ನು ಮತ್ತೆ ಪೈಥಾನ್ ವಸ್ತು ಮಾಡಬೇಕು. ಎರಡು ಸಂಖ್ಯೆ ಕೂಡುವ ಸಿ ಫಂಕ್ಷನ್ ಬರೆದು 10 ಲಕ್ಷ ಸಲ ಕರೆದು ನೋಡಿ. ಪೈಥಾನ್‌ನ ಸ್ವಂತ ಕೂಡುವಿಕೆಯೇ ಗೆಲ್ಲುತ್ತದೆ.

ಲೂಪನ್ನು ಸಿ ಒಳಗೆ ಹಾಕಿ. ಲೈಬ್ರರಿಯಲ್ಲಿ ಒಂದೇ ಸಲಕ್ಕೆ ಸಾವಿರ ದಾಖಲೆ ತುಂಬಿಸುವ ಫಂಕ್ಷನ್ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಹತ್ತು ಸಾಲಿನ ಸಿ ಬರೆದು ನೀವೇ ಸೇರಿಸಿ. ನಂಪೈ (ಪೈಥಾನ್‌ನ ಸಂಖ್ಯಾ ಲೈಬ್ರರಿ) ಅರೇಗೆ ನೇರ ತುಂಬಿಸಬಹುದು.

ರಾತ್ರಿಪಾಳಿ

ನಂಪೈ ಕೊಡುವಾಗ ಹುಷಾರು. ಎರಡು ಆಯಾಮದ ಅರೇಯಿಂದ ಒಂದು ಕಾಲಂ ಕತ್ತರಿಸಿ ಅದರ ವಿಳಾಸ ಕೊಟ್ಟರೆ, ಸಿ ಅದನ್ನು ಅಕ್ಕಪಕ್ಕ ಕೂತ ಸಂಖ್ಯೆಗಳು ಅಂತ ಓದುತ್ತದೆ. ನಿಜವಾಗಿ ಅವು ಸಾಲು ಬಿಟ್ಟು ಸಾಲು ದೂರ ಕೂತಿರುತ್ತವೆ. ಬೀಳಲ್ಲ, ಬೇರೆ ಕಾಲಂನ ಸಂಖ್ಯೆಗಳು ಬರುತ್ತವೆ. ನಂಪೈನ ಎನ್‌ಡಿಪಾಯಿಂಟರ್ ಬಳಸಿ ಆರ್ಗ್‌ಟೈಪ್‌ನಲ್ಲೇ ವಿಧ, ಆಯಾಮ, ಒತ್ತಾಗಿ ಕೂತಿರಬೇಕು ಅನ್ನುವ ಷರತ್ತು ಎಲ್ಲ ಬರೆದಿಡಿ. ತಪ್ಪಿದ್ದರೆ ಕರೆಗೆ ಮೊದಲೇ ತಡೆಯುತ್ತದೆ.

ಹಳೇ_ಕಂಪೈಲರ್

ಬೈನರಿ ಲಾಗ್ ಅಂದಿರಿ. ಹಾಗಾದರೆ ಸ್ಟ್ರಕ್ಟ್ ಇದ್ದೇ ಇರುತ್ತದೆ. ಕೇಳುವ ಮೊದಲೇ ಹೇಳಿಬಿಡುತ್ತೇನೆ. ಒಂದು ಚಾರ್, ಆಮೇಲೆ ಒಂದು ಡಬಲ್ ಇರುವ ಸ್ಟ್ರಕ್ಟ್‌ನ ಗಾತ್ರ 64 ಬಿಟ್ ಲಿನಕ್ಸ್‌ನಲ್ಲಿ 9 ಅಲ್ಲ, 16 ಬೈಟ್. ಡಬಲ್ 8ರ ಗಡಿಯಲ್ಲಿ ಕೂರಲಿ ಅಂತ ಕಂಪೈಲರ್ ನಡುವೆ 7 ಬೈಟ್ ಖಾಲಿ ಬಿಡುತ್ತದೆ. ಸಿಟೈಪ್ಸ್‌ಗೂ ಅದು ಗೊತ್ತು, ಅದೂ 16 ಅನ್ನುತ್ತದೆ. ಆದರೆ ಫೈಲಿಗೆ ನೇರ ಬರೆಯುವ ಹಳೆಯ ಲೈಬ್ರರಿಗಳಲ್ಲಿ ಪ್ಯಾಕ್ ಪ್ರಾಗ್ಮಾ (ನಡುವೆ ಖಾಲಿ ಬಿಡಬೇಡ ಅನ್ನುವ ಕಂಪೈಲರ್ ಸೂಚನೆ) ಹಾಕಿ 9ಕ್ಕೇ ಒತ್ತಿರುವುದು ಸಾಮಾನ್ಯ. ಹೆಡರಿನ ಮೂಲೆಯಲ್ಲಿ ಒಂದು ಸಾಲು, ಕಣ್ಣಿಗೇ ಬೀಳಲ್ಲ. ಹಾಗಿದ್ದರೆ ಪೈಥಾನ್ ಕಡೆ ಪ್ಯಾಕ್ 1 ಅಂತ ನೀವೇ ಹೇಳಬೇಕು.

ಲೈಬ್ರರಿಯ ಮೂಲ ಕೋಡ್ ಕೈಯಲ್ಲಿದ್ದರೆ ಸ್ಟ್ರಕ್ಟ್‌ನ ಗಾತ್ರ ಕೊಡುವ ಒಂದು ಫಂಕ್ಷನ್ ಸೇರಿಸಿ. ಇಂಪೋರ್ಟ್ ಆದ ಕೂಡಲೇ ಅದನ್ನು ಕರೆದು ಸಿಟೈಪ್ಸ್‌ನ ಗಾತ್ರದ ಜೊತೆ ತಾಳೆ ನೋಡಿ, ಹೊಂದದಿದ್ದರೆ ಅಲ್ಲೇ ನಿಲ್ಲಿಸಿ. ಸಿಟೈಪ್ಸ್ ಕೋಡಿನಲ್ಲಿ ನಾನು ಬಿಡದೆ ಮಾಡುವ ಕೆಲಸ ಇದೊಂದೇ. ಜೊತೆಗೆ ಫಾಲ್ಟ್‌ಹ್ಯಾಂಡ್ಲರ್ ಹಾಕಿ. ಪೈಥಾನ್ 3.3ರಿಂದ ಒಳಗೇ ಇದೆ. ಸೆಗ್‌ಫಾಲ್ಟ್ ಆದಾಗ ಪೈಥಾನ್‌ನ ಯಾವ ಸಾಲಿನಲ್ಲಿ ಇದ್ದೆವು ಅಂತಾದರೂ ಹೇಳಿ ಸಾಯುತ್ತದೆ.

ಸೊನ್ನೆ_ಒಂದು

ವಿಂಡೋಸ್‌ಗೆ ಹೋಗುವ ಆಲೋಚನೆ ಇದ್ದರೆ ಹೆಡರಿನಲ್ಲಿ ಲಾಂಗ್ ಎಲ್ಲಿದೆ ನೋಡಿಕೊಳ್ಳಿ. 64 ಬಿಟ್ ಲಿನಕ್ಸ್‌ನಲ್ಲಿ ಅದು 8 ಬೈಟ್, ವಿಂಡೋಸ್‌ನಲ್ಲಿ 4. ಸಿ_ಲಾಂಗ್ ಅಂತ ಬರೆದರೆ ಸಿಟೈಪ್ಸ್ ಸರಿಯಾಗಿ ನೋಡಿಕೊಳ್ಳುತ್ತದೆ, ಸಿ_ಇಂಟ್64 ಅಂತ ಜಾಣತನ ಮಾಡಿದರೆ ಕೆಡುತ್ತದೆ. ಪೈಥಾನ್ 3.8ರಿಂದ ವಿಂಡೋಸ್‌ನಲ್ಲಿ ಡಿಎಲ್‌ಎಲ್ ಹುಡುಕುವಾಗ ಪಾತ್ ಪಟ್ಟಿಯ ಫೋಲ್ಡರುಗಳನ್ನು ನೋಡುವುದನ್ನೂ ಬಿಟ್ಟಿದ್ದಾರೆ, ಡಿಎಲ್‌ಎಲ್ ಇರುವ ಫೋಲ್ಡರನ್ನು ಕೈಯಾರೆ ಸೇರಿಸಬೇಕು.

ಎಡಬಿಡಂಗಿ

ಇಷ್ಟೆಲ್ಲ ಓದಿದ ಮೇಲೆ ಪೈಥಾನ್‌ಗೆ ಸಿ, ಸಿ++ ಕೋಡ್ ಜೋಡಿಸೋ ಪೈಬೈಂಡ್11ನಲ್ಲೋ ಸೈಥಾನ್‌ನಲ್ಲೋ ಬರೆಯೋದೇ ನೆಮ್ಮದಿ ಅನ್ನಿಸ್ತಿದೆ.

ರಾತ್ರಿಪಾಳಿ

ಲೈಬ್ರರಿ ಸಿ++ನಲ್ಲಿದ್ದರೆ ಪೈಬೈಂಡ್11, ಎರಡು ಮಾತಿಲ್ಲ. ಸಿ++ ಕಂಪೈಲರ್ ಫಂಕ್ಷನ್ ಹೆಸರಿಗೆ ವಿಧಗಳನ್ನೆಲ್ಲ ಹೆಣೆದು ಬೇರೆಯೇ ಹೆಸರು ಮಾಡುತ್ತದೆ. ಎಕ್ಸ್‌ಟರ್ನ್ ಸಿ ಹಾಕದಿದ್ದರೆ ನೀವು ಕೊಟ್ಟ ಹೆಸರು ಸಿಟೈಪ್ಸ್‌ಗೆ ಸಿಗುವುದೇ ಇಲ್ಲ. ಕ್ಲಾಸು, ಎಕ್ಸೆಪ್ಶನ್ ಅಂತೂ ದೂರದ ಮಾತು. ಬರೀ ಸಿ ಆದರೆ ಮೇಲೆ ಹೇಳಿದ ಸಿಎಫ್‌ಎಫ್‌ಐನ ಎಪಿಐ ದಾರಿಯೇ ನನ್ನ ಉತ್ತರ.

ಪಾಯಿಂಟರ್_ಪುಟ್ಟ

ಸ್ಟ್ರಕ್ಟ್ ನೋಡಿದೆ. ಪ್ಯಾಕ್ ಪ್ರಾಗ್ಮಾ ಇತ್ತು! ಗಾತ್ರದ ಪರೀಕ್ಷೆ ಹಾಕಿದ್ದೇನೆ. ಕೊನೆಯದು: ಲಾಗ್_ಬರೆ ಅಂತ ಒಂದಿದೆ, ಪ್ರಿಂಟ್‌ಎಫ್ ತರಹ ಎಷ್ಟು ಬೇಕಾದರೂ ಆರ್ಗ್ಯುಮೆಂಟ್ ತೆಗೆದುಕೊಳ್ಳುತ್ತೆ. ಎಷ್ಟು ಬರುತ್ತೋ ಗೊತ್ತಿಲ್ಲದ ಕಾರಣ ಅದೊಂದಕ್ಕೆ ಆರ್ಗ್‌ಟೈಪ್ಸ್ ಬಿಟ್ಟಿದ್ದೆ. ಲಿನಕ್ಸ್‌ನಲ್ಲಿ ಸರಿ. ಸಹೋದ್ಯೋಗಿಯ ಹೊಸ ಆರ್ಮ್ ಚಿಪ್‌ನ ಮ್ಯಾಕ್‌ನಲ್ಲಿ ಕಸ ಅಚ್ಚಾಗ್ತಿದೆ.

ಹಳೇ_ಕಂಪೈಲರ್

ಆ ಮ್ಯಾಕ್‌ಗಳಲ್ಲಿ ಇಂಥ ಫಂಕ್ಷನ್‌ನ ಹೆಚ್ಚುವರಿ ಆರ್ಗ್ಯುಮೆಂಟ್‌ಗಳು ರಿಜಿಸ್ಟರಿನಲ್ಲಿ ಹೋಗುವುದಿಲ್ಲ, ಸ್ಟ್ಯಾಕಿನಲ್ಲಿ ಹೋಗಬೇಕು. ಎಲ್ಲಿಯವರೆಗೆ ಖಾಯಂ, ಎಲ್ಲಿಂದ ಹೆಚ್ಚುವರಿ ಅಂತ ಸಿಟೈಪ್ಸ್‌ಗೆ ಗೊತ್ತಾಗುವುದು ಆರ್ಗ್‌ಟೈಪ್ಸ್‌ನಿಂದ ಮಾತ್ರ. ಹಾಗಾಗಿ ಹೆಡರಿನಲ್ಲಿ ಮೂರು ಚುಕ್ಕಿಗೆ ಮೊದಲು ಏನೇನಿದೆಯೋ ಅಷ್ಟನ್ನು ಆರ್ಗ್‌ಟೈಪ್ಸ್‌ನಲ್ಲಿ ಬರೆಯಿರಿ. ಉಳಿದದ್ದನ್ನು ಕರೆಯುವಾಗ ಸಿ_ಇಂಟ್, ಸಿ_ಡಬಲ್ ಅಂತ ಸುತ್ತಿ ಕೊಡಿ. ಲಿನಕ್ಸ್‌ಗೂ ಇದರಿಂದ ತೊಂದರೆ ಇಲ್ಲ.

ನಾನಾಗಿದ್ದರೆ ಅದನ್ನೂ ಮಾಡುತ್ತಿರಲಿಲ್ಲ. ಸಂದೇಶವನ್ನು ಪೈಥಾನ್‌ನಲ್ಲೇ ಪೂರ್ತಿ ತಯಾರು ಮಾಡಿಕೊಂಡು, ಒಂದೇ ಸ್ಟ್ರಿಂಗ್ ತೆಗೆದುಕೊಳ್ಳುವ ಪುಟ್ಟ ಸಿ ಫಂಕ್ಷನ್ ಸೇರಿಸಿ ಅದರಿಂದ ಲಾಗ್_ಬರೆ ಕರೆಸುತ್ತಿದ್ದೆ. ಹೇಗೂ ಗಾತ್ರದ ಫಂಕ್ಷನ್ ಸೇರಿಸಲು ಆ ಫೈಲ್ ತೆರೆದಿದ್ದೀರಲ್ಲ.

ಪಾಯಿಂಟರ್_ಪುಟ್ಟ

ಅದೇ ಫೈಲಿಗೆ ಸೇರಿಸಿದೆ. ಮ್ಯಾಕ್‌ನಲ್ಲೂ ಸರಿಯಾಗಿ ಬರೀತಿದೆ.